ಯಾವ ಕಾಯಿಲೆಗೆ ಯಾವ ಆಸ್ಪತ್ರೆ?

ಎಲ್ಲರಿಗೂ ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಸಣ್ಣ ಜ್ವರಕ್ಕೂ ಸೀದಾ ಕಾರವಾರದ ಜಿಲ್ಲಾ ಆಸ್ಪತ್ರೆಯ ಸಾಲಲ್ಲಿ ನಿಲ್ಲಬೇಡಿ. ಜ್ವರ, ಬಿಪಿ, ಶುಗರ್, ಮಕ್ಕಳ ಲಸಿಕೆ ಎಲ್ಲದಕ್ಕೂ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಸಿದ್ದಾಪುರ ಕಡೆಯವರು ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಅದನ್ನೂ ಅಲ್ಲೇ ಹೇಳಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ (ಕೆಎಫ್‌ಡಿ) ಇರಬಹುದು, ರಕ್ತ ಪರೀಕ್ಷೆ ಆಗಬೇಕು.

ಎಕ್ಸ್‌ರೇ, ಹೆರಿಗೆಗೆ ತಾಲೂಕು ಆಸ್ಪತ್ರೆ. ಅದಕ್ಕೂ ಮೀರಿದರೆ ಕಾರವಾರ. ಹೃದಯ, ಮಿದುಳಿನ ಆಪರೇಷನ್ ಅಂದರೆ ಹುಬ್ಬಳ್ಳಿ, ಮಣಿಪಾಲವೇ ಗತಿ. ನಮ್ಮ ಹಣೆಬರಹ, ಅಲ್ವಾ!

ಇದನ್ನು ಮಾತ್ರ ಮರೆಯಬೇಡಿ: ಆಯುಷ್ಮಾನ್ ಕಾರ್ಡ್ ಇದೆ ಅಂತ ಸುಮ್ನೆ ಖಾಸಗಿ ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯವರೇ ಅಲ್ಲಿಗೆ ಕಳುಹಿಸಿದ್ದಾರೆ ಅನ್ನುವ ರೆಫರಲ್ ಚೀಟಿ ಕೇಳುತ್ತಾರೆ. ತುರ್ತು ಚಿಕಿತ್ಸೆಗೆ ವಿನಾಯಿತಿ ಇದೆ. ಎದೆನೋವು, ಹಾವು ಕಡಿತ ಆದರೆ ಯಾವ ಆಸ್ಪತ್ರೆ ಅಂತ ಚರ್ಚೆ ಬೇಡ, ತಕ್ಷಣ 108ಕ್ಕೆ ಫೋನ್ ಮಾಡಿ.