ಹಾಜರಿ ನೋಡಿ ಸಂಸತ್ತನ್ನು ಅಳೆಯಬೇಡ ಮಗಳೇ

ಸೋಮವಾರಪೇಟೆ, ಕೊಡಗು

ಪ್ರೀತಿಯ ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲೋಕಸಭೆಯ ಗಲಾಟೆ ನೋಡಿ "ಇದಕ್ಕೆ ಬಾಗಿಲು ಹಾಕೋದೇ ವಾಸಿ" ಅಂತ ಫೋನಿನಲ್ಲಿ ರೇಗಿದೆಯಲ್ಲ. ಸಿಟ್ಟು ಬರಲಿ, ತಪ್ಪಿಲ್ಲ. ಆದರೆ ಯಾವುದಕ್ಕೆ ಸಿಟ್ಟಾಗಬೇಕು ಅನ್ನೋದು ಗೊತ್ತಿರಬೇಕು. ಕಾನೂನು ಓದುವವಳು ನೀನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಧಿವೇಶನ ಮುಗಿದ ಕೂಡಲೇ ಶೇಕಡಾ ಇಷ್ಟು ಹೊತ್ತು ಕಲಾಪ ನಡೆಯಿತು ಅಂತ ಪೇಪರಿನಲ್ಲಿ ಬರುತ್ತದೆ. ಅದನ್ನು ಓದಿ ಸುಮ್ನೆ ತೀರ್ಪು ಕೊಡಬೇಡ. ತೋಟದ ಚೆಕ್‌ರೋಲ್ ನೋಡಿದರೆ ಎಷ್ಟು ಆಳು ಬಂದರು ಅಂತ ಗೊತ್ತಾಗುತ್ತದೆ, ಗಿಡದ ಬುಡಕ್ಕೆ ಗೊಬ್ಬರ ಬಿತ್ತಾ ಅನ್ನೋದು ಗೊತ್ತಾಗಲ್ಲ. 2009ರಿಂದ 2014ರವರೆಗಿನ ಲೋಕಸಭೆ ನಡೆದದ್ದು ನಿಗದಿಯಾದ ಹೊತ್ತಿನಲ್ಲಿ ಶೇ. 61 ಮಾತ್ರ. ಸಂಸದರೊಬ್ಬರು ಪೆಪ್ಪರ್ ಸ್ಪ್ರೇ ಹೊಡೆದದ್ದೂ ಅದೇ ಸಭೆಯಲ್ಲಿ! ಆದರೂ ಆಗ ಬಂದ ಮಸೂದೆಗಳಲ್ಲಿ ಶೇ. 71ರಷ್ಟು ಸಮಿತಿಗಳಿಗೆ, ಅಂದರೆ ಮಸೂದೆಯನ್ನು ಕೂತು ಪರಿಶೀಲಿಸುವ ಸಂಸದರ ಸಣ್ಣ ಗುಂಪುಗಳಿಗೆ, ಹೋದವು. 2019ರಿಂದ 2024ರ ಸಭೆ ಶೇ. 88ರಷ್ಟು ಹೊತ್ತು ನಡೆಯಿತು. ಸಮಿತಿಗೆ ಹೋದದ್ದು ಶೇ. 16. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಸೂದೆಗಳು ಲೋಕಸಭೆಯಲ್ಲಿ ಒಂದು ಗಂಟೆಯೂ ಚರ್ಚೆಯಾಗದೆ ಪಾಸಾದವು. ಗಲಾಟೆ ಮಾಡಿ ಹೊತ್ತು ಕಳೆಯುವುದು ಕೆಟ್ಟದ್ದೇ. ಆದರೆ ನನ್ನನ್ನು ಕೇಳಿದರೆ, ಓದದೆ ಕೈ ಎತ್ತುವುದು ಅದಕ್ಕಿಂತ ಕೆಟ್ಟದ್ದು. 2018ರಲ್ಲಿ ಒಂದೇ ಒಂದು ಇಲಾಖೆಯ ಖರ್ಚಿನ ಬಗ್ಗೆಯೂ ಚರ್ಚೆಯಾಗದೆ ಇಡೀ ದೇಶದ ಬಜೆಟ್ ಪಾಸಾಯಿತು. 2023ರಲ್ಲೂ ಅದೇ ಕಥೆ.

ಇನ್ನು ಪ್ರಶ್ನೋತ್ತರ ವೇಳೆ. ಟಿವಿಯಲ್ಲಿ ಎಲ್ಲರೂ ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿಯುವುದು ಬೆಳಿಗ್ಗೆ ಹನ್ನೊಂದಕ್ಕೆ ಅಲ್ವಾ? ಅದೇ ಹೊತ್ತು. ಸದಸ್ಯರು ಕನಿಷ್ಠ 15 ದಿನ ಮೊದಲೇ ಪ್ರಶ್ನೆ ಕೊಟ್ಟಿರಬೇಕು. ಚೀಟಿ ಎತ್ತಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ ಆರಿಸುತ್ತಾರೆ, ಅವಕ್ಕೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು. ಉಳಿದ 230ಕ್ಕೆ ಲಿಖಿತ ಉತ್ತರ. ಅಧಿಕಾರಿಗಳು ಬರೆದುಕೊಟ್ಟ ಮೊದಲ ಉತ್ತರದಲ್ಲಿ ಏನೂ ಸಿಗುವುದಿಲ್ಲ. ಅದರ ಬೆನ್ನಿಗೆ ಬರುವ ಉಪಪ್ರಶ್ನೆ ಇದೆಯಲ್ಲ, ಸಚಿವರ ಬೆವರಿಳಿಯುವುದು ಅಲ್ಲಿ. ಕರಿಮೆಣಸಿನ ಆಮದಿಗೆ 2017ರಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿದರು. ಆಮೇಲೂ ಹೊರಗಿನ ಮೆಣಸು ಹೇಗೆ ಬರುತ್ತಿದೆ, ಯಾವ ದೇಶದಿಂದ, ಎಷ್ಟು ಟನ್ ಅಂತ ಒಬ್ಬ ಸಂಸದ ಎದ್ದು ಕೇಳಿದರೆ ನಮಗೆ ಅದೇ ದೊಡ್ಡ ಉಪಕಾರ. ಸದನ 11.05ಕ್ಕೆ ಮುಂದೂಡಿತು ಅಂದುಕೋ. ಇಪ್ಪತ್ತಕ್ಕೂ ಉತ್ತರ ಮೇಜಿನ ಮೇಲೆ ಇಟ್ಟ ಹಾಗೆ ಲೆಕ್ಕ. ಉಪಪ್ರಶ್ನೆ ಇಲ್ಲ, ಸಚಿವರು ಬಚಾವ್. ಯಾವ ಪಕ್ಷದ ಸರ್ಕಾರ ಇದ್ದರೂ ಇಷ್ಟೇ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಹೆಸರಿನಲ್ಲಿ ಆ ಒಂದು ಗಂಟೆಯನ್ನೇ ತೆಗೆದುಹಾಕಿದ್ದರು.

ಸಮಿತಿ ಅಂದರೆ ಬೋರು ಅಂತ ಮೂಗು ಮುರಿಯಬೇಡ. ಅಲ್ಲಿ ಕ್ಯಾಮೆರಾ ಇಲ್ಲ, ಅದಕ್ಕೇ ಕೂಗಾಟವೂ ಕಡಿಮೆ. ವನ್ಯಜೀವಿ ಕಾಯ್ದೆಯ ತಿದ್ದುಪಡಿ 2021ರ ಕೊನೆಗೆ ಬಂತು. ಜೈರಾಮ್ ರಮೇಶ್ ಅಧ್ಯಕ್ಷರಾಗಿದ್ದ ಸ್ಥಾಯಿ ಸಮಿತಿಗೆ ಹೋಯಿತು. ಅವರು ತಜ್ಞರನ್ನು ಕರೆದು ಕೇಳಿದರು, ಪಟ್ಟಿಯಲ್ಲಿ ಬಿಟ್ಟುಹೋದ ಜೀವಿಗಳನ್ನು ತೋರಿಸಿಕೊಟ್ಟರು. ಸಾಕಿದ ಆನೆಯನ್ನು ಸಾಗಿಸುವ ಕಲಂ ಬಗ್ಗೆ ಜಾಸ್ತಿ ಚರ್ಚೆಯಾಯಿತು. ಕೊನೆಗೆ ಪಾಸಾದ ಕಾನೂನಿನಲ್ಲಿ "ಧಾರ್ಮಿಕ ಅಥವಾ ಬೇರೆ ಯಾವುದೇ ಉದ್ದೇಶಕ್ಕೆ" ಅಂತಲೇ ಇದೆ. ಷರತ್ತು ಏನು ಅನ್ನೋದನ್ನು ಕೇಂದ್ರ ಸರ್ಕಾರ ಆಮೇಲೆ, 2024ರಲ್ಲಿ, ನಿಯಮದಲ್ಲಿ ಹೇಳಿತು. ದುಬಾರೆ, ಮತ್ತಿಗೋಡಿನ ಆನೆ ಕ್ಯಾಂಪ್ ನೋಡಿದ ನಮಗೆ ಆ "ಬೇರೆ ಯಾವುದೇ" ನುಂಗಲಾರದ ತುತ್ತು.

ಹೀಗೆ ನಿಯಮಕ್ಕೆ ಬಿಟ್ಟದ್ದರಲ್ಲೇ ನಮ್ಮ ಬದುಕು ಎಷ್ಟೋ ಇದೆ. ಕೊಡವರ, ಜಮ್ಮಾ ಹಿಡುವಳಿದಾರರ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರ) ಕೋವಿಯನ್ನೇ ತಗೋ. ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಹೊರಡಿಸಿದ ಅಧಿಸೂಚನೆಯಿಂದ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಅದಕ್ಕೆ ಸದನದಲ್ಲಿ ಮತದಾನ ಬೇಕಾಗಲಿಲ್ಲ. ಸರ್ಕಾರ ಮಾಡುವ ನಿಯಮಗಳನ್ನು ನೋಡಲು ಎರಡೂ ಸದನಗಳಲ್ಲಿ ಅಧೀನ ಶಾಸನ ಸಮಿತಿ ಅಂತ ಇದೆ. ಅದರ ಹೆಸರು ನಿನ್ನ ಕ್ಲಾಸಿನಲ್ಲಿ ಎಷ್ಟು ಜನ ಕೇಳಿದ್ದಾರೆ?

ನಮ್ಮ ದನಿ ಎಷ್ಟು ಸಣ್ಣದು ಅನ್ನೋದೂ ನೆನಪಿರಲಿ. 1952ರಲ್ಲಿ ಕೊಡಗು ಬೇರೆ ರಾಜ್ಯ. 24 ಸದಸ್ಯರ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ, ಲೋಕಸಭೆಗೆ ನಮ್ಮದೇ ಒಂದು ಸೀಟು. ಈಗ ಮೈಸೂರಿನ ಜೊತೆ ಸೇರಿ ಒಬ್ಬ ಸಂಸದರು. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಮಡಿಕೇರಿ ಮತ್ತು ವಿರಾಜಪೇಟೆ, ಎರಡೇ. ಸದನ ಕೂಡುವ ದಿನ ಕಡಿಮೆಯಾದಷ್ಟೂ ಇಂಥ ಸಣ್ಣ ಜಿಲ್ಲೆಯ ಮಾತಿಗೆ ಸರದಿ ಬರುವುದು ಕಷ್ಟ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಕೂತಿತ್ತು. ಹದಿನೇಳನೆಯದು 55. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಅಂತ ಸಂವಿಧಾನ ಹೇಳುತ್ತದೆಯೇ ಹೊರತು ಇಷ್ಟು ದಿನ ಕೂರಲೇಬೇಕು ಅಂತ ಹೇಳಿಲ್ಲ. ನಿನಗೆ ಸಿಟ್ಟು ಬರಬೇಕಾದದ್ದು ಇಲ್ಲಿ.

ಈಗ ನಿನಗೊಂದು ಕೆಲಸ. ಕಾಫಿ ಮಂಡಳಿ ಇವತ್ತಿಗೂ ನಿಂತಿರುವುದು 1942ರ ಕಾಯ್ದೆಯ ಮೇಲೆ. ಬೆಳೆದ ಕಾಫಿಯನ್ನೆಲ್ಲ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಪೂಲ್‌ಗೆ ಕೊಡಬೇಕಿದ್ದ ಕಾಲದ ಕಾನೂನು ಅದು. 2022ರಲ್ಲಿ ವಾಣಿಜ್ಯ ಸಚಿವಾಲಯ ಹೊಸ ಮಸೂದೆಯ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿತ್ತು. ಆ ಕರಡನ್ನೂ ಹಳೇ ಕಾಯ್ದೆಯನ್ನೂ ಪಕ್ಕಪಕ್ಕ ಇಟ್ಟು ಓದು. ಸಣ್ಣ ಬೆಳೆಗಾರರಿಗೆ ಎಲ್ಲಿ ಏಟು ಬೀಳುತ್ತದೆ ಅಂತ ಗುರುತು ಮಾಡಿಕೊಂಡು ಬಾ. ಕೂಲಿ, ಗೊಬ್ಬರ, ಮಳೆಗೆ ಉದುರಿದ ಕಾಯಿ, ಎಲ್ಲದರ ಲೆಕ್ಕ ನಾನು ಕೊಡುತ್ತೇನೆ. ಮಸೂದೆ ಸಮಿತಿಗೆ ಹೋದರೆ ಜನರಿಂದ ಸಲಹೆ ಕರೆಯುತ್ತಾರೆ, ಆಗ ನಮ್ಮ ಪತ್ರ ರೆಡಿ ಇರಬೇಕು. ಇಂಗ್ಲಿಷಿನಲ್ಲಿ ಬರೆಯುವುದು ನಿನ್ನ ಪಾಲಿಗೆ.

ಇಂತಿ,
ನಿನ್ನ ದೊಡ್ಡಪ್ಪ