ದೇವರ ಚಿತ್ತವೂ ದೋಣಿಯ ಹಗ್ಗವೂ

ಪ್ರೀತಿಯ ಮಗಳೇ,

ಕಳೆದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ "ಆಮೇಲೆ ಮಾತಾಡೋಣ" ಎಂದು ತಪ್ಪಿಸಿಕೊಂಡೆ. ಎಲ್ಲವೂ ದೇವರ ಚಿತ್ತದಂತೆಯೇ ನಡೆಯುವುದಾದರೆ ಮನುಷ್ಯನ ಇಚ್ಛೆಗೆ ಏನು ಬೆಲೆ ಎಂದು ನೀನು ಸಂಡೇ ಸ್ಕೂಲಿನ ಮಕ್ಕಳ ನೆಪದಲ್ಲಿ ಕೇಳಿದರೂ, ನಿನ್ನ ಮನಸ್ಸಿನಲ್ಲಿ ಇದ್ದದ್ದು ಅಜ್ಜಿಯ ವಿಷಯವೆಂದು ನನಗೆ ತಿಳಿಯದೆ ಇರಲಿಲ್ಲ. ಎದುರಿಗೆ ಕುಳಿತು ಹೇಳಲು ನಾಲಿಗೆ ಏಳದು, ಆದ್ದರಿಂದ ಬರೆಯುತ್ತಿದ್ದೇನೆ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಬೆನ್ನು ಹಿಡಿದಂಥ ನೋವು, ಹಣೆಯ ಮೇಲೆ ತಣ್ಣನೆಯ ಬೆವರು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕಾಯಿಸಿ ಕೊಟ್ಟೆ, ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡಿದೆ, ಬೆಳಿಗ್ಗೆ ನೋಡೋಣ ಎಂದು ಹೋಗಿ ಮಲಗಿದೆ. ಎದುರುಮನೆಯವರ ಆಟೋ ನಮ್ಮ ಗೇಟಿನ ಪಕ್ಕದಲ್ಲಿಯೇ ನಿಂತಿತ್ತು. ಬಾಗಿಲು ತಟ್ಟಿದ್ದರೆ ಅವರು ಎದ್ದು ಬರುತ್ತಿದ್ದರು, ನಾನು ತಟ್ಟಲಿಲ್ಲ. ಸಮಾಧಿಯ ದಿನ ಬಂದವರೆಲ್ಲರೂ ನನ್ನ ಕೈ ಹಿಡಿದು "ದೇವರ ಚಿತ್ತ" ಎಂದರು. ನಾನೂ ತಲೆಯಾಡಿಸಿದೆ.

ಅದಾದ ಮೇಲೆ ಬೈಬಲಿನ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಯೇಸುವಿನ ಸುವಾರ್ತೆ ಸಾರುತ್ತಿದ್ದು ಸೆರೆಯಾಳಾದ ಪೌಲನನ್ನು ರೋಮಾಪುರಕ್ಕೆ ಕರೆದೊಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿದೆ. ಅದರಲ್ಲಿ 276 ಜನರಿದ್ದಾರೆ. ಹಡಗು ಹೋದರೂ ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ, ದೇವದೂತನು ನನಗೆ ಹಾಗೆಂದು ತಿಳಿಸಿದ್ದಾನೆ ಎಂದು ಪೌಲನು ಎಲ್ಲರ ಮುಂದೆ ಹೇಳಿಬಿಟ್ಟಿದ್ದಾನೆ. ಹದಿನಾಲ್ಕನೆಯ ರಾತ್ರಿ ನಾವಿಕರು ಗುಂಡು ಇಳಿಬಿಟ್ಟು ಆಳ ನೋಡುತ್ತಾರೆ: ಇಪ್ಪತ್ತು ಮಾರು, ಸ್ವಲ್ಪ ಮುಂದೆ ಹದಿನೈದು ಮಾರು. ಬಂಡೆಗೆ ಬಡಿದೇವೆಂಬ ಭಯದಿಂದ ಹಿಂಭಾಗದಲ್ಲಿ ನಾಲ್ಕು ಲಂಗರು ಹಾಕುತ್ತಾರೆ. ಮುಂಭಾಗದಲ್ಲಿಯೂ ಲಂಗರು ಹಾಕುವವರಂತೆ ನಟಿಸಿ, ಗುಟ್ಟಾಗಿ ಚಿಕ್ಕ ದೋಣಿಯನ್ನು ನೀರಿಗಿಳಿಸಿ ಓಡಿಹೋಗಲು ನೋಡುತ್ತಾರೆ. ಆಗ ಪೌಲನು ಶತಾಧಿಪತಿಗೂ ಸಿಪಾಯಿಗಳಿಗೂ ಹೇಳುವ ಮಾತನ್ನು ಗಮನಿಸು: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ. ಸಿಪಾಯಿಗಳು ದೋಣಿಯ ಹಗ್ಗ ಕಡಿದುಬಿಡುತ್ತಾರೆ.

ಯಾರೂ ಸಾಯುವುದಿಲ್ಲವೆಂದು ದೇವರೇ ಮಾತು ಕೊಟ್ಟ ಮೇಲೆ ನಾವಿಕರು ಇದ್ದರೇನು, ಹೋದರೇನು? ಪೌಲನಿಗೆ ಈ ಪ್ರಶ್ನೆ ಹೊಳೆದಂತೆಯೇ ಕಾಣುವುದಿಲ್ಲ. ಅವನ ಲೆಕ್ಕದಲ್ಲಿ ದೇವರ ವಾಗ್ದಾನವು ಹಗ್ಗ ಕಡಿಯುವ ಕೈಯನ್ನೂ ಒಳಗೊಂಡೇ ಇದೆ. ಬೆಳಗಾದ ಮೇಲೆ ಕೆಲವರು ಈಜಿ, ಕೆಲವರು ಹಲಗೆಗಳನ್ನು ಹಿಡಿದು, 276 ಜನರೂ ದಡ ಸೇರಿದರು. ನಮ್ಮ ಮನೆಯಲ್ಲಿ ಪ್ರಾರ್ಥನೆ ಇತ್ತು, ಹಗ್ಗ ಕಡಿಯುವ ಕೈ ಮಾತ್ರ ಹೊದಿಕೆಯೊಳಗೆ ಮಲಗಿತ್ತು.

ನಮ್ಮ ಸುತ್ತಿನವರು "ಹಣೆಬರಹ" ಎನ್ನುವ ಕಡೆ ನಾವು "ದೇವರ ಚಿತ್ತ" ಎನ್ನುತ್ತೇವೆ. ಪದ ಬದಲಾಗಿದೆ, ಎಷ್ಟೋ ಸಲ ಭಾವ ಬದಲಾಗಿಲ್ಲ. ಹಣೆಯ ಮೇಲಿನ ಬರಹಕ್ಕೆ ನೀನು ಎದ್ದೆಯೋ ಮಲಗಿದೆಯೋ ಎಂಬುದರ ಗೊಡವೆ ಇಲ್ಲ. ಸತ್ಯವೇದದ ದೇವರಾದರೋ ಜೀವವನ್ನೂ ಮರಣವನ್ನೂ ನಿನ್ನ ಮುಂದೆ ಇಟ್ಟಿದ್ದೇನೆ, ಜೀವವನ್ನು ಆರಿಸಿಕೋ ಎಂದು ಧರ್ಮೋಪದೇಶಕಾಂಡದಲ್ಲಿ ಜನರನ್ನು ಹೆಚ್ಚುಕಡಿಮೆ ಬೇಡಿಕೊಳ್ಳುತ್ತಾನೆ.

ನಿನ್ನ ರಕ್ತದಲ್ಲಿಯೇ ಈ ವಾದದ ಎರಡು ಪಕ್ಷಗಳಿವೆ. ನನ್ನ ಹಿರಿಯರು ತುಮಕೂರಿನ ವೆಸ್ಲಿಯನ್ ಮಿಷನ್ನಿನವರು, ನಿನ್ನ ಅಮ್ಮನ ಕಡೆಯವರು ಬಳ್ಳಾರಿಯ ಲಂಡನ್ ಮಿಷನ್ನಿನವರು. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ನೇಮಿಸಿದ್ದಾನೆಂಬ ಬೋಧನೆಯ ವಿರುದ್ಧ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಸಂಗ ಮಾಡಿದಾಗ, ಅವನ ಆಪ್ತ ಗೆಳೆಯನೇ ಆಗಿದ್ದ ಜಾರ್ಜ್ ವೈಟ್‌ಫೀಲ್ಡ್ ಮರುವರ್ಷ ಪತ್ರದ ರೂಪದಲ್ಲಿ ಕಟುವಾದ ಉತ್ತರ ಬರೆದ. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ. (ನಿನ್ನ ಅಮ್ಮನೂ ನಾನೂ ಇಷ್ಟು ದೂರ ಜಗಳವಾಡಿಲ್ಲ.) ವೆಸ್ಲಿಯ ದಾರಿಯ ನನ್ನ ಹಿರಿಯರ ಸಭೆಯೂ ವೈಟ್‌ಫೀಲ್ಡ್‌ನ ಪಕ್ಷದ ನಿನ್ನ ಅಮ್ಮನ ಕಡೆಯ ಸಭೆಯೂ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದರು.

ಮನುಷ್ಯನು ತನ್ನಷ್ಟಕ್ಕೆ ದೇವರ ಕಡೆ ತಿರುಗಬಲ್ಲನೆಂದು ವೆಸ್ಲಿಯೂ ಹೇಳಲಿಲ್ಲ. ಕೃಪೆಯೇ ಮೊದಲು ಬಂದು, ಒಪ್ಪುವ ಅಥವಾ ತಳ್ಳಿಹಾಕುವ ಶಕ್ತಿಯನ್ನು ನಮ್ಮೊಳಗೆ ಎಬ್ಬಿಸುತ್ತದೆ ಎಂದ. ಇತ್ತ, ವೈಟ್‌ಫೀಲ್ಡ್ ನಂಬಿದ್ದ, ಬೋಧಕ ಕ್ಯಾಲ್ವಿನನ ದಾರಿಯವರು 1646ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ರಚಿಸಿದ ವಿಶ್ವಾಸಪ್ರಮಾಣವು, ನಡೆಯುವುದೆಲ್ಲವನ್ನೂ ದೇವರು ಅನಾದಿಯಿಂದ ನೇಮಿಸಿದ್ದಾನೆ ಎಂದ ವಾಕ್ಯದಲ್ಲಿಯೇ, ಇದರಿಂದ ಮನುಷ್ಯನ ಇಚ್ಛೆಯ ಮೇಲೆ ಬಲಾತ್ಕಾರವಾಗುವುದಿಲ್ಲ, ಎರಡನೆಯ ಕಾರಣಗಳ ಸ್ವಾತಂತ್ರ್ಯವೂ ಅಳಿಯುವುದಿಲ್ಲ ಎಂದು ಸೇರಿಸಿದೆ. ಎರಡನೆಯ ಕಾರಣಗಳೆಂದರೆ ದೋಣಿಯ ಹಗ್ಗ, ಎದುರುಮನೆಯ ಆಟೋ, ನಾನು. ಮೈಮರೆತು ಮಲಗಿದವನಿಗೆ ಎರಡು ಪಕ್ಷದಲ್ಲಿಯೂ ಆಸರೆಯಿಲ್ಲ.

ಇಸ್ರಾಯೇಲ್ಯರನ್ನು ಬಿಟ್ಟುಕೊಡದ ಐಗುಪ್ತದ ಅರಸ ಫರೋಹನ ಹೃದಯವನ್ನು ಕಠಿಣ ಮಾಡಿದವರು ಯಾರು ಎಂದೂ ನೀನು ಕೇಳಿದ್ದೆ. ಅವನೇ ಕಠಿಣ ಮಾಡಿಕೊಂಡನೆಂದು ಒಂದು ಕಡೆ, ಕರ್ತನು ಮಾಡಿದನೆಂದು ಇನ್ನೊಂದು ಕಡೆ ವಿಮೋಚನಕಾಂಡವೇ ಬರೆಯುತ್ತದೆ. ಅವೆರಡನ್ನು ಹೊಲಿದು ಒಂದು ಮಾಡುವ ಸೂಜಿ ನನ್ನಲ್ಲಿಲ್ಲ, ಮಕ್ಕಳಿಗೂ ಹಾಗೆಂದೇ ಹೇಳು.

ಅಂದು ಆಸ್ಪತ್ರೆಗೆ ಹೋಗಿದ್ದರೆ ಅಮ್ಮ ಉಳಿಯುತ್ತಿದ್ದರೆಂದು ನಾನು ಹೇಳಲಾರೆ, ಅವರ ದಿನಗಳು ದೇವರ ಕೈಯಲ್ಲಿ ಇದ್ದವೆಂದು ಇಂದಿಗೂ ನಂಬುತ್ತೇನೆ. ಆ ಬಾಗಿಲು ತಟ್ಟದೆ ಇದ್ದದ್ದು ನನ್ನ ಇಚ್ಛೆ. ಅದನ್ನು ದೇವರ ಹೆಸರಿಗೆ ಬರೆಯಲು ನನಗೆ ಹಕ್ಕಿಲ್ಲ.

ಅಜ್ಜಿಯ ಸಮಾಧಿಯ ಕಲ್ಲಿಗೆ "ದೇವರ ಚಿತ್ತದಂತೆ ಕರ್ತನಲ್ಲಿ ನಿದ್ರೆಹೋದರು" ಎಂಬ ಸಾಲನ್ನು ಬರೆದುಕೊಟ್ಟಿದ್ದೆ. ನಿನ್ನೆ ಕಲ್ಲುಕೆತ್ತುವವರ ಬಳಿ ಹೋಗಿ ಮೊದಲ ಎರಡು ಪದಗಳನ್ನು ಸದ್ಯಕ್ಕೆ ಬಿಡಲು ಹೇಳಿದೆ. ಜಾಗ ಖಾಲಿ ಇರುತ್ತದಲ್ಲ ಎಂದು ಅವರು ಕೇಳಿದರು. ಮಗಳು ರಜೆಗೆ ಬರಲಿ, ಅವಳನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.

ನಿನ್ನ ಅಪ್ಪ