ಸೂತ್ರ ಸರಿ, ಏಕಮಾನ ತಪ್ಪು

ಮಾನ್ಯ ಸಂಪಾದಕರೇ,

ಅನಿಲಗಳ ಚಲನ ಸಿದ್ಧಾಂತದ ಲೆಕ್ಕದಲ್ಲಿ ಪಿಯು ಮಕ್ಕಳು ಹೆಚ್ಚಾಗಿ ಎಡವುವುದು ಸೂತ್ರದಲ್ಲಲ್ಲ, ಏಕಮಾನದಲ್ಲಿ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕದ ಅಣುಗಳ ಆರ್‌ಎಂಎಸ್ ವೇಗ (ವೇಗಗಳ ವರ್ಗಗಳ ಸರಾಸರಿಯ ವರ್ಗಮೂಲ) ಕೇಳಿದರೆ ಮೊದಲು ತಾಪವನ್ನು 300 ಕೆಲ್ವಿನ್ ಮಾಡಿಕೊಳ್ಳಬೇಕು. ಮೋಲಾರ್ ರಾಶಿ, ಅಂದರೆ ಒಂದು ಮೋಲ್ ಅನಿಲದ ರಾಶಿ, 32 ಅಲ್ಲ, 0.032 ಕಿಲೋಗ್ರಾಂ. 3ಆರ್‌ಟಿಯನ್ನು (ಆರ್ ಅಂದರೆ ಅನಿಲ ಸ್ಥಿರಾಂಕ, ಟಿ ಅಂದರೆ ಕೆಲ್ವಿನ್ ತಾಪ) ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 484 ಮೀಟರ್. ಗ್ರಾಂನಲ್ಲೇ ಬಿಟ್ಟರೆ ಬರುವುದು ಬರೀ 15. ಮಳೆಗಾಲದಲ್ಲಿ ಪಣಂಬೂರು ಕಡಲತೀರದ ಗಾಳಿಯೇ ಅಷ್ಟು ಬೀಸೀತು! ಗಾಳಿಯಲ್ಲಿ ಶಬ್ದ ಸುಮಾರು 340 ಮೀಟರ್ ಓಡುವಾಗ, ಅದನ್ನು ಸಾಗಿಸುವ ಅಣುಗಳು ಅಷ್ಟು ನಿಧಾನ ಇರಲಾರವು. ಉತ್ತರ ಬರೆಯುವ ಮುನ್ನ ಈ ಹೋಲಿಕೆಯನ್ನು ದಯವಿಟ್ಟು ಮಕ್ಕಳಿಂದ ಮಾಡಿಸಿ. ಹಾಗೆಯೇ, ವೇಗ ಇಮ್ಮಡಿಯಾಗಲು 54 ಡಿಗ್ರಿ ಸಾಲದು. ಸೂತ್ರದಲ್ಲಿ ವರ್ಗಮೂಲ ಇರುವುದರಿಂದ ಕೆಲ್ವಿನ್ ತಾಪ ನಾಲ್ಕು ಪಟ್ಟಾಗಬೇಕು. 1200 ಕೆಲ್ವಿನ್, ಅಂದರೆ 927 ಡಿಗ್ರಿ ಬೇಕು.

– ಭೌತಶಾಸ್ತ್ರ ಉಪನ್ಯಾಸಕರು, ಮಂಗಳೂರು